ಕಂಬಕ್ಕಲ್ಲ, ಕೆಲಸಕ್ಕೆ ಲಾಭ: ಹವಾಯಿಯ ವಿದ್ಯುತ್ ಕಾನೂನು, ಒಂದು ಪ್ರಕರಣ ಅಧ್ಯಯನ

ಹೂಡಿದ ಬಂಡವಾಳದ ಮೇಲೆ ಶೇಕಡಾ ಇಂತಿಷ್ಟು ಲಾಭ ಎಂದು ನಿಯಂತ್ರಕರು ಗೊತ್ತುಮಾಡಿಕೊಟ್ಟರೆ, ವಿದ್ಯುತ್ ಕಂಪನಿಯೊಂದು ಇನ್ನಷ್ಟು ಕಂಬ, ಇನ್ನಷ್ಟು ತಂತಿ, ಇನ್ನಷ್ಟು ಉಪಕೇಂದ್ರಗಳ ಮೇಲೆ ಹಣ ಹಾಕಲು ಮುಂದಾಗುವುದರಲ್ಲಿ ಆಶ್ಚರ್ಯವಿಲ್ಲ. ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮುಗಿಸಿದರೆ ಅದರ ಲಾಭವೇ ಇಳಿಯುತ್ತದೆ. ಈ ನಂಟನ್ನು ಕಡಿಯಬೇಕೆಂದು ಅಮೆರಿಕದ ಹವಾಯಿ ರಾಜ್ಯದ ಶಾಸನಸಭೆ 2018ರಲ್ಲಿ ಒಂದು ಕಾನೂನು ಮಾಡಿತು. ಅದು ಯಾವ ಒತ್ತಡದಲ್ಲಿ ಹುಟ್ಟಿತು, ಅಂಕಿಗಳಿಗೆ ಹೇಗೆ ಇಳಿಯಿತು, ಮುಂದಿನ ಐದಾರು ವರ್ಷಗಳಲ್ಲಿ ಎಲ್ಲಿ ನಿಂತಿತು, ಎಲ್ಲಿ ಎಡವಿತು ಎಂಬುದೇ ಇಲ್ಲಿನ ವಿಷಯ. ದಾಖಲೆಗಳೆಲ್ಲ ಸಾರ್ವಜನಿಕವಾಗಿರುವುದರಿಂದ ರಾಜ್ಯವನ್ನಾಗಲಿ ಕಾನೂನನ್ನಾಗಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಪಾಲ್ಗೊಂಡ ಕಂಪನಿ, ಸಂಘಟನೆ, ವ್ಯಕ್ತಿಗಳನ್ನು ಅವರವರ ಪಾತ್ರದಿಂದ ಮಾತ್ರ ಗುರುತಿಸಿದ್ದೇನೆ. ನಮಗೆ ಬೇಕಾದದ್ದು ತೀರ್ಮಾನಗಳ ವಿವರವೇ ಹೊರತು ತೀರ್ಮಾನಿಸಿದವರ ಹೆಸರಲ್ಲ.

ಹಿನ್ನೆಲೆ

ಹವಾಯಿಯ ಪ್ರತಿ ದ್ವೀಪಕ್ಕೂ ತನ್ನದೇ ಗ್ರಿಡ್ ಇದೆ. ಒಂದು ದ್ವೀಪದಲ್ಲಿ ಕೊರತೆಯಾದರೆ ಪಕ್ಕದ ದ್ವೀಪದಿಂದ ವಿದ್ಯುತ್ ತರುವಂತಿಲ್ಲ, ಏಕೆಂದರೆ ನಡುವೆ ಸಮುದ್ರದಡಿಯ ತಂತಿ ಇಲ್ಲ. ಪೆಟ್ರೋಲಿಯಂ ಇಂಧನ ಹಡಗಿನಲ್ಲಿ ಬರುತ್ತದೆ, ಅದನ್ನು ಸುಟ್ಟೇ ಬಹುಪಾಲು ವಿದ್ಯುತ್ ತಯಾರಾಗುತ್ತಿತ್ತು. ಹೀಗಾಗಿ ಇಲ್ಲಿನ ಮನೆಬಳಕೆಯ ಯೂನಿಟ್ ದರ ಅಮೆರಿಕದ ಸರಾಸರಿಯ ಎರಡೂವರೆ ಪಟ್ಟಿನ ಆಸುಪಾಸಿನಲ್ಲಿತ್ತು. ರಾಜ್ಯದ ಸುಮಾರು ಶೇ. 95ರಷ್ಟು ಜನರಿಗೆ ವಿದ್ಯುತ್ ಕೊಡುವುದು ಷೇರುದಾರರ ಒಡೆತನದ ಒಂದೇ ಕಂಪನಿ. ಕವಾಯಿ ದ್ವೀಪದಲ್ಲಿ ಮಾತ್ರ ಗ್ರಾಹಕರೇ ಸದಸ್ಯರಾಗಿರುವ ಸಹಕಾರ ಸಂಘವೊಂದು 2002ರಿಂದ ಈ ಕೆಲಸ ಮಾಡುತ್ತಿದೆ.

2010ರಲ್ಲಿಯೇ ರಾಜ್ಯದ ನಿಯಂತ್ರಣ ಆಯೋಗವು ಕಂಪನಿಯ ಆದಾಯವನ್ನು ಮಾರಾಟವಾದ ಯೂನಿಟ್‌ಗಳಿಂದ ಬೇರ್ಪಡಿಸಿತ್ತು. ಗ್ರಾಹಕರು ವಿದ್ಯುತ್ ಉಳಿಸಿದರೆ, ತಾರಸಿಯ ಮೇಲೆ ಸೌರ ಫಲಕ ಹಾಕಿಕೊಂಡರೆ ಕಂಪನಿಗೆ ನಷ್ಟವಾಗಬಾರದು, ಆಗ ಅದು ಸೌರವಿದ್ಯುತ್ತಿಗೆ ಅಡ್ಡಗಾಲು ಹಾಕುವುದಿಲ್ಲ ಎಂಬುದು ಲೆಕ್ಕಾಚಾರ. ಲೆಕ್ಕಾಚಾರ ಅರ್ಧ ಮಾತ್ರ ಸರಿಯಿತ್ತು. ಯೂನಿಟ್ ಮಾರುವ ಆಸೆ ಕಡಿಮೆಯಾಯಿತು, ಬಂಡವಾಳ ಹೂಡುವ ಆಸೆ ಹಾಗೆಯೇ ಉಳಿಯಿತು. ಮೂರು ವರ್ಷಕ್ಕೊಮ್ಮೆ ದರ ಪರಿಷ್ಕರಣೆಯ ಅರ್ಜಿ, ನಡುವಿನ ವರ್ಷಗಳಲ್ಲಿ ಹೊಸ ಆಸ್ತಿಗಳ ವೆಚ್ಚಕ್ಕೆ ತಕ್ಕಂತೆ ಆದಾಯ ಹೆಚ್ಚಿಸುವ ಹೊಂದಾಣಿಕೆ: ಈ ಏರ್ಪಾಟಿನಲ್ಲಿ ಖರ್ಚು ಹೆಚ್ಚಿದಷ್ಟೂ ಕಂಪನಿ ನೆಮ್ಮದಿಯಾಗಿತ್ತು.

ಸಮಸ್ಯೆ ಕಾನೂನಿನ ಮಟ್ಟಕ್ಕೆ ಏರಿದ್ದು

2014ರ ಏಪ್ರಿಲ್‌ನಲ್ಲಿ ಆಯೋಗವು ಕಂಪನಿಯ ದೀರ್ಘಾವಧಿ ಯೋಜನೆಯನ್ನು ತಿರಸ್ಕರಿಸಿತು. ಅಷ್ಟಕ್ಕೇ ನಿಲ್ಲದೆ, ಮುಂದಿನ ದಿನಗಳ ವಿದ್ಯುತ್ ಕಂಪನಿ ಹೇಗಿರಬೇಕೆಂಬ ತನ್ನ ಒಲವನ್ನು ಪ್ರತ್ಯೇಕ ದಾಖಲೆಯಾಗಿ ಹೊರತಂದಿತು. ನಿಯಂತ್ರಕರು ಅರ್ಜಿಗೆ ಉತ್ತರಿಸುವುದನ್ನು ಬಿಟ್ಟು ತಾವೇ ಹೀಗೆ ದಾರಿ ಸೂಚಿಸುವುದು ಅಪರೂಪ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕಂಪನಿಯನ್ನು ಅಮೆರಿಕದ ಮುಖ್ಯಭೂಮಿಯ ದೊಡ್ಡ ವಿದ್ಯುತ್ ಸಂಸ್ಥೆಯೊಂದು ಸುಮಾರು 430 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾವ ಬಂತು. 2015ರಲ್ಲಿ ಶಾಸನಸಭೆಯು 2045ರೊಳಗೆ ರಾಜ್ಯದ ವಿದ್ಯುತ್ತೆಲ್ಲ ನವೀಕರಿಸಬಹುದಾದ ಮೂಲಗಳಿಂದ ಬರಬೇಕೆಂಬ ಗುರಿಯನ್ನು ಕಾನೂನಾಗಿಸಿತು. ದೇಶದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಹವಾಯಿ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ತಾರಸಿ ಸೌರವಿದ್ಯುತ್ತಿನ ನೆಟ್ ಮೀಟರಿಂಗ್ ಯೋಜನೆ (ಗ್ರಿಡ್ಡಿಗೆ ಕೊಟ್ಟ ಯೂನಿಟ್ಟುಗಳನ್ನು ಬಿಲ್ಲಿನಲ್ಲಿ ಕಳೆಯುವ ಏರ್ಪಾಟು) ಹೊಸ ಗ್ರಾಹಕರಿಗೆ ಮುಚ್ಚಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ ಜನರಿಗೆ ಕಂಡಿದ್ದರೆ ಅದನ್ನು ತಪ್ಪೆನ್ನಲಾಗದು. 2016ರ ಜುಲೈನಲ್ಲಿ ಆಯೋಗ ಮಾರಾಟದ ಪ್ರಸ್ತಾವವನ್ನೂ ತಳ್ಳಿಹಾಕಿತು.

ಈ ತಿರಸ್ಕಾರ ಮೊದಲ ಮುಖ್ಯ ತಿರುವು. ಒಡೆತನ ಬದಲಾಗುವುದಿಲ್ಲ ಎಂದಾದ ಮೇಲೆ, ಇರುವ ಒಡೆಯನ ನಡೆ ಬದಲಾಗುವಂತೆ ಲಾಭದ ನಿಯಮವನ್ನೇ ತಿದ್ದುವ ದಾರಿಯೊಂದೇ ಉಳಿಯಿತು. ಬೇಡ ಎನ್ನುವ ಅಧಿಕಾರ ಆಯೋಗಕ್ಕೆ ಸಾಕಷ್ಟಿತ್ತು. ಕಂಪನಿಗೆ ಏನು ಬೇಕೆನಿಸಬೇಕು ಎಂಬುದನ್ನು ಬದಲಿಸಲು ಅದು ಸಾಲುತ್ತಿರಲಿಲ್ಲ.

ಶಾಸನಸಭೆ ಬರೆದದ್ದು, ಬರೆಯದೆ ಬಿಟ್ಟದ್ದು

2018ರ ಏಪ್ರಿಲ್ 24ರಂದು ರಾಜ್ಯಪಾಲರ ಸಹಿಯಾದ ದರಪಾವತಿದಾರರ ರಕ್ಷಣಾ ಕಾಯ್ದೆ ಚಿಕ್ಕದು. (ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಜನರೇ ಆರಿಸಿದ ಮುಖ್ಯ ಕಾರ್ಯನಿರ್ವಾಹಕರು, ನಮ್ಮ ರಾಜಭವನದವರಲ್ಲ.) 2020ರ ಜನವರಿ 1ರೊಳಗೆ ಆಯೋಗವು ಬಹುಮಾನ ಮತ್ತು ದಂಡದ ವ್ಯವಸ್ಥೆಯನ್ನು ರೂಪಿಸಬೇಕು, ಕಂಪನಿಯ ಆದಾಯವನ್ನು ಅದರ ಸಾಧನೆಯ ಅಳತೆಗಳಿಗೆ ನೇರವಾಗಿ ಕಟ್ಟಬೇಕು, ಆದಾಯಕ್ಕೂ ಹೂಡಿಕೆಯ ಮಟ್ಟಕ್ಕೂ ಇರುವ ನೇರ ಸಂಬಂಧವನ್ನು ಮುರಿಯಬೇಕು ಎಂದು ಅದು ಹೇಳಿತು. ಆಯೋಗ ಪರಿಗಣಿಸಬೇಕಾದ ವಿಷಯಗಳನ್ನೂ ಪಟ್ಟಿ ಮಾಡಿತು: ದರ ಮತ್ತು ಬಿಲ್ಲುಗಳು ಎಟುಕುವಂತಿರುವುದು, ಏರಿಳಿತ ಹದದಲ್ಲಿರುವುದು, ಪೂರೈಕೆಯ ವಿಶ್ವಾಸಾರ್ಹತೆ, ಗ್ರಾಹಕರ ತೃಪ್ತಿ ಮತ್ತು ವೆಚ್ಚ ನಿಭಾಯಿಸಲು ಅವರಿಗಿರುವ ಆಯ್ಕೆಗಳು, ಗ್ರಿಡ್ಡಿನ ಮಾಹಿತಿ ಹೊರಗಿನವರಿಗೂ ಸಿಗುವುದು, ನವೀಕರಿಸಬಹುದಾದ ಮೂಲಗಳನ್ನು ಬೇಗ ಜೋಡಿಸುವುದು, ಖರೀದಿ ಟೆಂಡರು, ಸಂಪರ್ಕ ಮುಂತಾದ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು. ಸದಸ್ಯರ ಒಡೆತನದ ಸಹಕಾರ ಸಂಘಕ್ಕೆ ಕಾಯ್ದೆ ಅನ್ವಯಿಸದು ಎಂದೂ ಬರೆಯಿತು. ಅಲ್ಲಿ ಲಾಭ ಪಡೆಯುವವರೂ ಬಿಲ್ ಕಟ್ಟುವವರೂ ಒಬ್ಬರೇ ಆದ್ದರಿಂದ ಆ ವಿನಾಯಿತಿಗೆ ತರ್ಕವಿದೆ.

ಅಂಕಿ ಒಂದನ್ನೂ ಶಾಸನಸಭೆ ಬರೆಯಲಿಲ್ಲ. ಎಷ್ಟು ಬಹುಮಾನ, ಎಷ್ಟು ದಂಡ, ಎಷ್ಟು ವರ್ಷ ಎಂಬುದೆಲ್ಲ ಆಯೋಗಕ್ಕೆ ಬಿಟ್ಟದ್ದು. ಇದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ, ಕಾನೂನಿನಲ್ಲಿ ಅಂಕಿ ಕೂತರೆ ಅದನ್ನು ತಿದ್ದಲು ಮತ್ತೆ ಮಸೂದೆ ಬೇಕಾಗುತ್ತದೆ. ಆದರೆ ಆ ಪಟ್ಟಿಯಲ್ಲಿ ಇಲ್ಲದಿದ್ದ ಒಂದು ವಿಷಯವನ್ನು ಗಮನಿಸಬೇಕು. ಸಾರ್ವಜನಿಕ ಸುರಕ್ಷತೆ ಎಂಬ ಮಾತು ಅಲ್ಲಿರಲಿಲ್ಲ.

ಆಯೋಗ ಹಿಡಿದ ದಾರಿ

ಸಹಿ ಬೀಳುವ ಆರು ದಿನ ಮುಂಚೆಯೇ, ಏಪ್ರಿಲ್ 18ರಂದು, ಆಯೋಗ ಈ ವಿಷಯದ ವಿಚಾರಣೆಯನ್ನು ತೆರೆದಿತ್ತು. ಕಾನೂನು ಆಯೋಗವನ್ನು ತಳ್ಳಿತು ಎನ್ನುವುದಕ್ಕಿಂತ, ಹೊರಟು ನಿಂತಿದ್ದ ಆಯೋಗದ ಕೈಗೆ ಬಲ ಕೊಟ್ಟಿತು ಎನ್ನುವುದು ಹೆಚ್ಚು ಸರಿ.

ವಿಚಾರಣೆ ಎರಡು ಹಂತಗಳಲ್ಲಿ ನಡೆಯಿತು. ದರ ಪ್ರಕರಣಗಳಲ್ಲಿ ಕಂಪನಿ ಅರ್ಜಿ ಹಾಕುತ್ತದೆ, ಗ್ರಾಹಕರ ಪರ ವಕೀಲರು ಆಕ್ಷೇಪಿಸುತ್ತಾರೆ, ಆಯೋಗ ನಡುವೆ ಒಂದು ಅಂಕಿ ಹಿಡಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಆಯೋಗದ ಸಿಬ್ಬಂದಿಯೇ ಕರಡು ಪ್ರಸ್ತಾವ ಬರೆದು ಮುಂದಿಟ್ಟರು. ಕಂಪನಿ, ರಾಜ್ಯದ ಗ್ರಾಹಕ ವಕೀಲರ ಕಚೇರಿ, ಸೌರ ಉದ್ಯಮದ ಒಕ್ಕೂಟಗಳು, ಪರಿಸರ ಸಂಘಟನೆಗಳು, ಸ್ಥಳೀಯ ಆಡಳಿತಗಳು ಕಾರ್ಯಾಗಾರಗಳಲ್ಲಿ ಒಂದೇ ಮೇಜಿಗೆ ಬಂದರು. 2019ರ ಮೇ ತಿಂಗಳ ಆದೇಶದಲ್ಲಿ ಮೊದಲ ಹಂತ ಮುಗಿದಾಗ ಹೊರಬಂದದ್ದು ಮೂರು ಮಾರ್ಗದರ್ಶಿ ತತ್ವಗಳು (ಗ್ರಾಹಕರೇ ಕೇಂದ್ರ, ಆಡಳಿತದಲ್ಲಿ ಸರಳತೆ, ಕಂಪನಿಯ ಹಣಕಾಸಿನ ಭದ್ರತೆ) ಮತ್ತು ಆದ್ಯತೆಯ ಹನ್ನೆರಡು ಫಲಿತಾಂಶಗಳು. ಸಮಾನತೆ, ವೆಚ್ಚ ನಿಯಂತ್ರಣ, ವಿದ್ಯುತ್ ವಾಹನ, ವಿಪತ್ತು ತಾಳುವ ಶಕ್ತಿ ಎಲ್ಲವೂ ಅದರಲ್ಲಿದ್ದವು. ಪೂರ್ಣ ಚೌಕಟ್ಟಿನ ಆದೇಶ ಬಂದದ್ದು 2020ರ ಡಿಸೆಂಬರ್ 23ರಂದು, ಅಂದರೆ ಕಾಯ್ದೆಯ ಗಡುವಿಗೆ ಹೆಚ್ಚುಕಡಿಮೆ ಒಂದು ವರ್ಷದ ನಂತರ. ಅದು ಜಾರಿಗೆ ಬಂದದ್ದು 2021ರ ಜೂನ್ 1ರಿಂದ.

ಚೌಕಟ್ಟಿನ ತಿರುಳು ಇಷ್ಟು. ಐದು ವರ್ಷ ಸಾಮಾನ್ಯ ದರ ಪರಿಷ್ಕರಣೆಯ ಅರ್ಜಿಗಳಿಲ್ಲ. ಅದರ ಬದಲು ಪ್ರತಿವರ್ಷ ಆದಾಯ ಒಂದು ಸೂತ್ರದಂತೆ ಬದಲಾಗುತ್ತದೆ: ದೇಶದ ಬೆಲೆ ಸೂಚ್ಯಂಕದ ಏರಿಕೆ, ಅದರಿಂದ ದಕ್ಷತೆಯ ಕಡಿತ (ಇದನ್ನು ಸೊನ್ನೆಯಲ್ಲಿಟ್ಟರು) ಮತ್ತು ಗ್ರಾಹಕರ ಪಾಲು ಶೇ. 0.22 ಕಳೆದು, ಕಂಪನಿಯ ಕೈಮೀರಿದ ಅಸಾಧಾರಣ ವೆಚ್ಚಗಳಿದ್ದರೆ ಕೂಡಿಸುವುದು. ಹಣದುಬ್ಬರ ಶೇ. 2 ಇದೆ ಎಂದುಕೊಳ್ಳಿ. ಕಳೆದ ವರ್ಷ 100 ಡಾಲರ್ ಇದ್ದ ಆದಾಯ ಈ ವರ್ಷ 101.78 ಆಗುತ್ತದೆ, ಕಂಪನಿ ಎಷ್ಟೇ ಖರ್ಚು ಮಾಡಿರಲಿ. ಖರ್ಚನ್ನು 101ರಲ್ಲಿ ಹಿಡಿದರೆ 78 ಸೆಂಟ್ ಅದರದ್ದು, 103 ಆದರೆ ನಷ್ಟವೂ ಅದರದ್ದೇ. ಹಳೆಯ ವ್ಯವಸ್ಥೆಯಲ್ಲಿ ಆ 103 ಮುಂದಿನ ಅರ್ಜಿಯಲ್ಲಿ ದರಕ್ಕೆ ಸೇರುತ್ತಿತ್ತು. ಈ ಸೂತ್ರದ ಬುನಾದಿಯೂ ಬಿಗಿಯಾಗಿತ್ತು, ಏಕೆಂದರೆ ರಾಜಧಾನಿ ಇರುವ ಓಹು ದ್ವೀಪದ 2020ರ ದರ ಪ್ರಕರಣ ಮೂಲ ದರದಲ್ಲಿ ಏರಿಕೆಯೇ ಇಲ್ಲದೆ ರಾಜಿಯಲ್ಲಿ ಮುಗಿದಿತ್ತು.

ಲಾಭ ಅತಿಯಾಗದಂತೆ, ನಷ್ಟ ಕುತ್ತಿಗೆಗೆ ಬರದಂತೆ ಹಂಚಿಕೆಯ ನಿಯಮವೂ ಇದೆ. ಈಕ್ವಿಟಿಯ, ಅಂದರೆ ಷೇರುದಾರರ ಬಂಡವಾಳದ, ಮೇಲಿನ ಗುರಿ ಪ್ರತಿಫಲ ಶೇ. 9.5. ಅದರ ಮೇಲೆ ಕೆಳಗೆ ಮೂರು ಶೇಕಡಾ ಅಂಶಗಳವರೆಗೆ, ಅಂದರೆ 6.5ರಿಂದ 12.5ರ ತನಕ, ಲಾಭನಷ್ಟ ಪೂರಾ ಕಂಪನಿಯದು. ಅಲ್ಲಿಂದ ಮತ್ತೆ ಒಂದೂವರೆ ಅಂಶದವರೆಗೆ ಗ್ರಾಹಕರ ಜೊತೆ ಸರಿಪಾಲು, ಅದನ್ನೂ ಮೀರಿದರೆ ಶೇ. 90 ಗ್ರಾಹಕರ ಪಾಲು. ಮಧ್ಯದ ಪಟ್ಟಿಯನ್ನು ಇಷ್ಟು ಅಗಲವಾಗಿ ಬಿಟ್ಟದ್ದು ಧೈರ್ಯದ ತೀರ್ಮಾನ. ಪಟ್ಟಿ ಕಿರಿದಾಗಿದ್ದರೆ ಉಳಿಸಿದ್ದೆಲ್ಲ ವಾಪಸ್ಸು ಹೋಗುತ್ತಿತ್ತು, ಉಳಿಸಲು ಕಾರಣವೇ ಇರುತ್ತಿರಲಿಲ್ಲ.

ಇದರ ಮೇಲೆ ಬಹುಮಾನ ಮತ್ತು ದಂಡ. ನವೀಕರಿಸಬಹುದಾದ ವಿದ್ಯುತ್ತಿನ ಗುರಿಯನ್ನು ಮೀರಿ ತಂದ ಪ್ರತಿ ಮೆಗಾವ್ಯಾಟ್ ಗಂಟೆಗೆ, ಅಂದರೆ ಸಾವಿರ ಯೂನಿಟ್ಟಿಗೆ, ಮೊದಲೆರಡು ವರ್ಷ 20 ಡಾಲರ್, 2023ರಲ್ಲಿ 15, ಆಮೇಲೆ 10. ಬೇಗ ಮಾಡಿದವನಿಗೆ ಹೆಚ್ಚು ಎಂಬ ಲೆಕ್ಕ. ಕಾನೂನಿನ ಗುರಿ ತಪ್ಪಿದರೆ 20 ಡಾಲರ್ ದಂಡ. 100 ಕಿಲೋವ್ಯಾಟ್‌ಗಿಂತ ಚಿಕ್ಕ ಸೌರ ಘಟಕಗಳ ಸಂಪರ್ಕ ಅರ್ಜಿಯನ್ನು ಎಷ್ಟು ದಿನದಲ್ಲಿ ಮಂಜೂರು ಮಾಡುತ್ತಾರೆ ಎಂಬುದಕ್ಕೆ ವರ್ಷಕ್ಕೆ ಗರಿಷ್ಠ 30 ಲಕ್ಷ ಡಾಲರ್ ಬಹುಮಾನ, 9 ಲಕ್ಷ ದಂಡ. ಕಡಿಮೆ ಆದಾಯದ ಮನೆಗಳ ವಿದ್ಯುತ್ ಉಳಿತಾಯಕ್ಕೂ ಸ್ಮಾರ್ಟ್ ಮೀಟರಿನ ಸದುಪಯೋಗಕ್ಕೂ ಬೇರೆ ಬೇರೆ ಬಹುಮಾನಗಳಿದ್ದವು. ವಿದ್ಯುತ್ ಕಡಿತದ ಅವಧಿ ಮತ್ತು ಸಂಖ್ಯೆಗೆ ಮಾತ್ರ ಬಹುಮಾನವಿಲ್ಲ, ದಂಡವಷ್ಟೇ, ಅದು ಮೊದಲಿನಿಂದ ಇದ್ದದ್ದು. ದೊಡ್ಡ, ವಿಶೇಷ ಯೋಜನೆಗಳಿಗೆ ಸೂತ್ರದ ಹೊರಗೆ ಹಣ ಪಡೆಯಲು ಬೇರೆ ಅರ್ಜಿಯ ಬಾಗಿಲನ್ನು ತೆರೆದಿಟ್ಟರು. ವಿಪತ್ತು ತಾಳುವ ಶಕ್ತಿಗೆ ಬಹುಮಾನವೂ ಇರಲಿಲ್ಲ, ದಂಡವೂ ಇರಲಿಲ್ಲ. ಅದನ್ನು ವರದಿ ಮಾಡಬೇಕಾದ ಅಳತೆಗಳ ಸಾಲಿಗೆ ಸೇರಿಸಿದ್ದರು.

ಏನಾಯಿತು

ಅಳೆಯಲು ಸುಲಭವಾದ ಕಡೆ ಚೌಕಟ್ಟು ಕೆಲಸ ಮಾಡಿತು. ಓಹುವಿನ ಒಂಟಿ ಕುಟುಂಬದ ಬಿಡಿ ಮನೆಗಳಲ್ಲಿ ಸುಮಾರು ಮೂರನೇ ಒಂದರಷ್ಟಕ್ಕೆ ಸೌರ ಫಲಕ ಬಂದಿರುವ ಊರಿನಲ್ಲಿ ಸಂಪರ್ಕದ ಅರ್ಜಿ ಎಷ್ಟು ದಿನ ಮೇಜಿನ ಮೇಲೆ ಕೂತಿರುತ್ತದೆ ಎಂಬುದು ಸಣ್ಣ ಸಂಗತಿಯಲ್ಲ, ಮತ್ತು ಕಂಪನಿ ಆ ಬಹುಮಾನ ಗಳಿಸಿತು. ದರ ಅರ್ಜಿಗಳ ಮೇಲೆ ವಕೀಲರೂ ಲೆಕ್ಕಿಗರೂ ಸುರಿಯುತ್ತಿದ್ದ ಸಮಯ ಉಳಿಯಿತು.

ಮೊದಲ ಪೆಟ್ಟು ಬಿಲ್ಲಿನಲ್ಲಿ ಬಿತ್ತು. ಇಂಧನದ ವೆಚ್ಚ ಆದಾಯದ ಸೂತ್ರದ ಹೊರಗಿದೆ. ತೈಲದ ಬೆಲೆ ಏರಿಳಿತದಲ್ಲಿ ಶೇ. 98 ಗ್ರಾಹಕರದು, ಶೇ. 2 ಮಾತ್ರ ಕಂಪನಿಯದು, ಅದಕ್ಕೂ ವಾರ್ಷಿಕ ಮಿತಿಯಿದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿ ತೈಲ ದುಬಾರಿಯಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕಲ್ಲಿದ್ದಲಿಗೆ ಅಂತ್ಯ ಹೇಳುವ ರಾಜ್ಯದ ನೀತಿಯಂತೆ, ಓಹುವಿನ 180 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಅದರ ಜಾಗ ತುಂಬಬೇಕಿದ್ದ ಸೌರ ಮತ್ತು ಬ್ಯಾಟರಿ ಯೋಜನೆಗಳು ತಡವಾಗಿದ್ದವು. ಓಹುವಿನ ಮೊದಲ ದೊಡ್ಡ ಸೌರ-ಬ್ಯಾಟರಿ ಸ್ಥಾವರ, 39 ಮೆಗಾವ್ಯಾಟ್‌ನದ್ದು, ಶುರುವಾದದ್ದು ಆ ಜುಲೈನಲ್ಲಿ. 185 ಮೆಗಾವ್ಯಾಟ್ ಬ್ಯಾಟರಿ ಕೇಂದ್ರ ಬಂದದ್ದು 2023ರ ಡಿಸೆಂಬರ್‌ನಲ್ಲಿ. ನಡುವಿನ ಅವಧಿಯಲ್ಲಿ ದುಬಾರಿ ತೈಲವೇ ಗತಿ. ಕಾಯ್ದೆಯ ಪಟ್ಟಿಯಲ್ಲಿ ದರಗಳ ಏರಿಳಿತವೂ ಇತ್ತು, ಆದರೆ ಏರಿಳಿತದ ಬಹುಪಾಲು ಹುಟ್ಟುವ ಕಡೆ ಚೌಕಟ್ಟಿನ ಕೈ ಎರಡೇ ಶೇಕಡಾ. ಐದು ವರ್ಷ ದರ ಪರಿಷ್ಕರಣೆಯ ಅರ್ಜಿಗಳಿಲ್ಲ ಎಂಬ ಮಾತು ಕೇಳಿದ್ದ ಗ್ರಾಹಕರಿಗೆ ಮೂಲ ದರ ಬೇರೆ, ಇಂಧನದ ಹೊಂದಾಣಿಕೆ ಬೇರೆ ಎಂದು ವಿವರಿಸುವುದು ಎಷ್ಟು ಕಷ್ಟವೆಂದು ನಮ್ಮ ಬೆಸ್ಕಾಂ, ಮೆಸ್ಕಾಂ ಬಿಲ್ಲುಗಳ ಕೆಳಗಿನ ಸಾಲುಗಳನ್ನು ಓದುವವರಿಗೆ ಹೇಳಬೇಕಾಗಿಲ್ಲ.

ಎರಡನೆಯ ಪೆಟ್ಟಿಗೆ ಹೋಲಿಕೆಯಿಲ್ಲ. 2022ರ ಜೂನ್ ಕೊನೆಯಲ್ಲಿ ಕಂಪನಿಯು ಕಂಬ ಮತ್ತು ಮಾರ್ಗಗಳನ್ನು ಹವಾಮಾನದ ಹೊಡೆತಕ್ಕೆ ಗಟ್ಟಿಗೊಳಿಸುವ ಸುಮಾರು 19 ಕೋಟಿ ಡಾಲರ್ ಕಾರ್ಯಕ್ರಮವನ್ನು ಆಯೋಗದ ಮುಂದಿಟ್ಟಿತು. ಕಾಳ್ಗಿಚ್ಚಿನ ಅಪಾಯ ತಗ್ಗಿಸುವುದೂ ಅದರ ಭಾಗ. ವೆಚ್ಚವನ್ನು ಸೂತ್ರದೊಳಗಿನ ಆದಾಯದಿಂದ ಭರಿಸದೆ, ವಿಶೇಷ ಯೋಜನೆಗಳ ಬಾಗಿಲಿನಿಂದ ಪಡೆಯಲು ಕೇಳಿತ್ತು. ಅರ್ಜಿ ಇತ್ಯರ್ಥವಾಗುವ ಮುನ್ನ, 2023ರ ಆಗಸ್ಟ್ 8ರಂದು, ಮೌಯಿ ದ್ವೀಪದ ಲಹೈನಾ ಪಟ್ಟಣ ಸುಟ್ಟುಹೋಯಿತು. 102 ಜನ ಸತ್ತರು. ಗಾಳಿಗೆ ಬಿದ್ದ ಮಾರ್ಗಕ್ಕೆ ಮತ್ತೆ ವಿದ್ಯುತ್ ಹರಿದು ಬೆಳಗಿನ ಬೆಂಕಿ ಹೊತ್ತಿತು, ಅದೇ ಮಧ್ಯಾಹ್ನ ಮರುಕಳಿಸಿತು ಎಂದು ಅಗ್ನಿಶಾಮಕ ಇಲಾಖೆಯ ತನಿಖೆ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಗಟ್ಟಿಗೊಳಿಸುವ ಕಾರ್ಯಕ್ರಮಕ್ಕೆ ಮಂಜೂರಾತಿ ಸಿಕ್ಕಿದ್ದು 2024ರ ಜನವರಿಯಲ್ಲಿ. ಬಿರುಗಾಳಿಯ ಮುನ್ಸೂಚನೆಯಿದ್ದಾಗ ಮುಂಚಿತವಾಗಿಯೇ ವಿದ್ಯುತ್ ಕಡಿತ ಮಾಡುವ ಕ್ರಮ ಶುರುವಾದದ್ದು ಅದೇ ವರ್ಷದ ಜುಲೈನಲ್ಲಿ. ಬೆಂಕಿಯ ಬೆನ್ನಿಗೇ ಕಂಪನಿಯ ಸಾಲದ ರೇಟಿಂಗ್ ಹೂಡಿಕೆ ಯೋಗ್ಯ ಮಟ್ಟದಿಂದ ಕೆಳಗಿಳಿಯಿತು. 2024ರ ಆಗಸ್ಟ್‌ನಲ್ಲಿ ಪ್ರಕಟವಾದ ಸುಮಾರು 400 ಕೋಟಿ ಡಾಲರಿನ ಪರಿಹಾರ ಒಪ್ಪಂದದಲ್ಲಿ ಅದರ ಪಾಲು 199 ಕೋಟಿ.

ಈ ಪ್ರಕರಣವನ್ನು ಹೇಗೆ ಓದಬೇಕು

ಸಾಧನೆ ಆಧಾರಿತ ನಿಯಂತ್ರಣದಿಂದಲೇ ಲಹೈನಾ ಸುಟ್ಟಿತು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿದ್ದಾಗಲೂ ಅದೇ ಕಂಬಗಳು ಅಲ್ಲೇ ನಿಂತಿದ್ದವು. ಆದರೆ ಚೌಕಟ್ಟು ಒಂದು ಹೊಸ ಪ್ರಶ್ನೆ ಹುಟ್ಟಿಸಿತು, ಅದಕ್ಕೆ ಉತ್ತರ ಬರೆದಿಡಲಿಲ್ಲ. ಹೂಡಿದಷ್ಟೂ ಲಾಭ ಎಂಬ ನಿಯಮವಿದ್ದಾಗ ಮುನ್ನೆಚ್ಚರಿಕೆಯ ಖರ್ಚಿಗೆ ಕಂಪನಿ ಹಿಂಜರಿಯಬೇಕಿರಲಿಲ್ಲ. ಆದಾಯಕ್ಕೆ ಮಿತಿ ಬಿದ್ದ ಮೇಲೆ, ಹಳೆಯ ಕಂಬ ಬದಲಿಸುವುದು ಸೂತ್ರದೊಳಗಿನ ನಿತ್ಯದ ಕೆಲಸವೋ, ಬೇರೆ ಅರ್ಜಿ ಬೇಡುವ ವಿಶೇಷ ಯೋಜನೆಯೋ ಎಂಬುದು ಹಣದ ಪ್ರಶ್ನೆಯಾಗುತ್ತದೆ. ಒಳಗಿನದಾದರೆ ಷೇರುದಾರರ ಜೇಬು, ಹೊರಗಿನದಾದರೆ ಗ್ರಾಹಕರ ಜೇಬು. ಈ ಗಡಿಯನ್ನು ಅರ್ಜಿ ಬಂದಾಗ ನೋಡೋಣ ಎಂದು ಬಿಡಬಾರದಿತ್ತು. ಇಂತಿಷ್ಟು ಅಪಾಯದ ಪ್ರದೇಶದಲ್ಲಿ ಇಂತಿಷ್ಟು ಕೆಲಸ ಸೂತ್ರದೊಳಗೇ ಆಗತಕ್ಕದ್ದು, ಅದಕ್ಕಿಂತ ಹೆಚ್ಚಿನದಕ್ಕೆ ಇಷ್ಟು ತಿಂಗಳೊಳಗೆ ಆಯೋಗ ಉತ್ತರಿಸತಕ್ಕದ್ದು ಎಂದು ಆದೇಶದಲ್ಲೇ ಬರೆಯಬಹುದಿತ್ತು.

ಇನ್ನೊಂದು ಸಂಗತಿ ಬಹುಮಾನಗಳ ಗಾತ್ರದ್ದು. ಸಂಪರ್ಕದ ಅರ್ಜಿ ತಡವಾದರೆ ಗರಿಷ್ಠ ದಂಡ 9 ಲಕ್ಷ, ಒಂದು ದಿನದ ಬೆಂಕಿಗೆ ತೆರಲು ಒಪ್ಪಿದ್ದು 199 ಕೋಟಿ. ಪದೇಪದೇ ನಡೆಯುವ, ಎಣಿಸಲು ಬರುವ ಕೆಲಸಗಳಿಗೆ ಬಹುಮಾನ ಒಗ್ಗುತ್ತದೆ. ಹತ್ತಾರು ವರ್ಷಕ್ಕೊಮ್ಮೆ ಬರುವ ಅನಾಹುತವನ್ನು ವಾರ್ಷಿಕ ಅಂಕಪಟ್ಟಿ ಹಿಡಿಯಲಾರದು, ಅಲ್ಲಿ ಆಜ್ಞೆ ಮತ್ತು ತಪಾಸಣೆಯೇ ಬೇಕು. ಹನ್ನೆರಡು ಫಲಿತಾಂಶಗಳ ಪಟ್ಟಿಯಲ್ಲಿ ವಿಪತ್ತಿನ ವಿಷಯ ಇತ್ತು ಎಂಬುದು ನಿಜ. ಪಟ್ಟಿಯಲ್ಲಿರುವುದಕ್ಕೂ ಅದಕ್ಕೆ ಬಹುಮಾನ, ದಂಡ ಕಟ್ಟಿರುವುದಕ್ಕೂ ಎಷ್ಟು ಅಂತರ ಎಂಬುದು ಮಾತ್ರ ಆಗ ಯಾರ ಕಣ್ಣಿಗೂ ಕುಕ್ಕುವಷ್ಟು ಕಾಣಲಿಲ್ಲ.

ಕರ್ನಾಟಕದಲ್ಲಿ ಇದನ್ನು ಓದುವವರು ಒಂದು ವ್ಯತ್ಯಾಸವನ್ನು ನೆನಪಿಡಬೇಕು. ನಮ್ಮ 2003ರ ವಿದ್ಯುತ್ ಕಾಯ್ದೆಯ 61ನೇ ಸೆಕ್ಷನ್ನಿನಲ್ಲಿಯೇ ದಕ್ಷ ಸಾಧನೆಗೆ ಪ್ರತಿಫಲ ಕೊಡುವ ತತ್ವವೂ ಬಹುವಾರ್ಷಿಕ ದರದ ತತ್ವವೂ ಇವೆ. ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ವಿತರಣಾ ನಷ್ಟಕ್ಕೆ ಗುರಿ ಹಾಕುತ್ತದೆ, 2025ರ ಮಾರ್ಚ್‌ನಲ್ಲಿ ಮೂರು ವರ್ಷಗಳ ದರವನ್ನು ಒಟ್ಟಿಗೇ ಪ್ರಕಟಿಸಿತು. ಸಾಧನಗಳು ಹೊಸವೇನಲ್ಲ. ಆದರೆ ನಮ್ಮ ಎಸ್ಕಾಂಗಳ ಷೇರುಗಳೆಲ್ಲ ಸರ್ಕಾರದ ಕೈಯಲ್ಲಿವೆ, ಪಂಪ್‌ಸೆಟ್ಟಿನ ಸಹಾಯಧನವೂ ಅದೇ ಖಜಾನೆಯಿಂದ ಬರುತ್ತದೆ. ಅಲ್ಲಿ ದಂಡ ಬಿದ್ದರೆ ಹೂಡಿಕೆದಾರ ಎಚ್ಚರಗೊಳ್ಳುತ್ತಾನೆ, ಇಲ್ಲಿ ದಂಡ ಬಿದ್ದರೆ ಸಾರ್ವಜನಿಕರ ಹಣವೇ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಹವಾಯಿಯ ಶಾಸನಸಭೆ ಸಹಕಾರ ಸಂಘವನ್ನು ಕಾಯ್ದೆಯಿಂದ ಹೊರಗಿಟ್ಟ ಕಾರಣವನ್ನು ನಮ್ಮವರು ಹವಾಯಿಯ ಸೂತ್ರಕ್ಕಿಂತ ಮೊದಲು ಓದಬೇಕು. ಸರ್ಕಾರಿ ಒಡೆತನದಲ್ಲಿ ಬಹುಮಾನ ಯಾರ ಕೈಗೆ ತಲುಪಿದರೆ ಕೆಲಸ ಬದಲಾಗುತ್ತದೆ, ವಿಭಾಗದ ಇಂಜಿನಿಯರ್ ಕೈಗೋ, ಲೈನ್‌ಮನ್ ಕೈಗೋ ಎಂಬುದನ್ನು ಇಲ್ಲಿಯೇ ಯೋಚಿಸಬೇಕಾಗುತ್ತದೆ.

ಹವಾಯಿ ತನ್ನ ಕಾಯ್ದೆಯನ್ನು ಹಿಂತೆಗೆದುಕೊಂಡಿಲ್ಲ. ನಾಲ್ಕನೇ ವರ್ಷದ ಪರಿಶೀಲನೆಯ ನಂತರ, 2025ರ ಆರಂಭದಲ್ಲಿ, ಎರಡನೇ ಅವಧಿಗೆ ಮುನ್ನ ಕಂಪನಿಯ ಮೂಲ ಆದಾಯವನ್ನು ಹೊಸದಾಗಿ ಲೆಕ್ಕ ಹಾಕಲು ಆಯೋಗ ಒಪ್ಪಿತು. ಐದು ವರ್ಷ ಅರ್ಜಿಗಳಿಲ್ಲದೆ ನಡೆದ ವ್ಯವಸ್ಥೆಗೆ ಮತ್ತೆ ವೆಚ್ಚದ ಲೆಕ್ಕ ಪ್ರವೇಶಿಸುವ ಜಾಗ ಅದೇ. ಕಾಳ್ಗಿಚ್ಚಿನ ಮುನ್ನೆಚ್ಚರಿಕೆಯ ಖರ್ಚಿನಲ್ಲಿ ಎಷ್ಟು ಭಾಗ ಆ ಮೂಲಕ್ಕೆ ಸೇರುತ್ತದೆ, ಎಷ್ಟು ಹೊರಗೆ ಉಳಿಯುತ್ತದೆ ಎಂಬುದರ ಮೇಲೆ 2018ರಲ್ಲಿ ಕಡಿದ ನಂಟು ಎಷ್ಟರ ಮಟ್ಟಿಗೆ ಕಡಿದೇ ಇರುತ್ತದೆ ಎಂಬುದು ನಿಂತಿದೆ.